ಸಂಗಪ್ಪ ಮಾಮಾ ತಂದ ಸೀರೆ

ಆ ಸೀರೆ ಹಸಿರಾಗಿತ್ತು ಎಂದು ನಾನು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಹೇಳಿದಾಗಲೆಲ್ಲ ಕೇಳಿದವರು ತಲೆದೂಗಿದ್ದಾರೆ. ಹೋದ ತಿಂಗಳಿನವರೆಗೆ ನನಗೂ ಅದರಲ್ಲಿ ಅನುಮಾನವಿರಲಿಲ್ಲ. ಆಮೇಲೆ ಒಂದು ದಿನ ಎಲ್ಲ ಸಡಿಲಾಯಿತು. ಸೀರೆ ಹಸಿರಾಗಿತ್ತೋ ಇಲ್ಲವೋ, ಅದನ್ನು ತಂದ ಹಿರಿಯ ತಲೆಯಾಡಿಸಿದನೋ ಇಲ್ಲವೋ, ಅಷ್ಟೇಕೆ, ಅವನು ಕುಳಿತದ್ದು ಕುರ್ಚಿಯ ಮೇಲೋ ಬಾಗಿಲ ಬಳಿಯ ಬೆಂಚಿನ ಮೇಲೋ ಎಂಬುದನ್ನೂ ಆಣೆ ಮಾಡಿ ಹೇಳಲಾರದವನಾದೆ. ಸ್ವಲ್ಪ ದೂರ ನನ್ನ ಜೊತೆ ಬನ್ನಿ. ಎಲ್ಲಿಯವರೆಗೆ ನೆನಪು, ಎಲ್ಲಿಂದ ನನ್ನ ಕೈಗೆಲಸ ಎಂದು ನೀವೇ ನೋಡಿ ಹೇಳುವಿರಂತೆ.

ಹೆಂಡತಿಯ ಹಿಂದೆ ಬಜಾರದ ಸೀರೆ ಅಂಗಡಿಗೆ ಹೋಗಿದ್ದೆ. ಅವಳ ಚಿಗವ್ವನ, ಅಂದರೆ ತಾಯಿಯ ತಂಗಿಯ, ಮನೆಯಲ್ಲಿ ಮದುವೆ. ಚಿಗವ್ವನಿಗೆ ತವರಿನ ಕಡೆಯಿಂದ ಒಂದು ಸೀರೆ ಒಯ್ಯಬೇಕಾಗಿತ್ತು. ಇಂಥ ಅಂಗಡಿಯಲ್ಲಿ ಗಂಡಸಿನ ಕೆಲಸ ಕೊಟ್ಟ ಚಹಾ ಕುಡಿಯುವುದು, ಕೇಳಿದಾಗ ಚಲೋ ಐತಿ ಎನ್ನುವುದು. ಅಂಗಡಿಯವನು ಗಾದಿಯ ಮೇಲೆ ಒಂದರ ಮೇಲೊಂದು ಸೀರೆ ಬಿಚ್ಚಿ ಎಸೆಯುತ್ತಿದ್ದ. ಹೊಸ ಸೀರೆಯ ಗಂಜಿಯ ವಾಸನೆ ನಿಮಗೆ ಗೊತ್ತೇ ಇದೆ. ಅರ್ಧ ಅನ್ನ ಬಸಿದ ಪಾತ್ರೆಯದು, ಅರ್ಧ ಮುಚ್ಚಿಟ್ಟ ಕಪಾಟಿನದು. ಆ ವಾಸನೆಗೆ ನನಗೇನೋ ಹುರುಪು ಬಂದು, ಯಾರೂ ಕೇಳದಿದ್ದರೂ, ಕೆಂಪು ದಡಿಯ ಒಂದು ಹಸಿರು ಸೀರೆಯ ಕಡೆ ಬೆರಳು ತೋರಿಸಿದೆ.

"ಚಿಗವ್ವಗ ಹಸರು ಒಯ್ತಾರೇನ್ರಿ?" ಎಂದಳು ಹೆಂಡತಿ, ದನಿ ತಗ್ಗಿಸಿ. "ಕಾಕಾ ತೀರಿ ಎಷ್ಟು ವರ್ಷಾತು! ಗಂಡ ಇಲ್ದಾಕಿಗೆ ತವರಿನವರು ಹಸರು ಸೀರಿ ತಂದ್ರ ಮಂದಿ ಏನಂದಾರು? ಇಷ್ಟು ಓದೀರಿ, ಇದೊಂದು ತಿಳೀವಲ್ದು ನಿಮಗ."

"ಸಾಹೇಬ್ರಿಗೆ ಆಪರೇಶನ್ ಬಟ್ಟಿ ಬಣ್ಣ ಒಂದ ಗೊತ್ರಿ ಅಕ್ಕಾರ," ಎಂದ ಅಂಗಡಿಯವನು.

"ಹೌದೌದು. ನನಗ ಕೊಡಿಸಿದ್ದೂ ಅದ ಬಣ್ಣ. ಅದರ ಗಳಿಗಿ ಇನ್ನೂ ಮುರಿದಿಲ್ಲ ನಾ."

ಹೊಸ ಸೀರೆಯ ಮಡಿಕೆಯನ್ನು ಮೊದಲ ಸಲ ಬಿಚ್ಚಿ ಉಡುವುದಕ್ಕೆ ನಮ್ಮಲ್ಲಿ ಗಳಿಗೆ ಮುರಿಯುವುದು ಎನ್ನುತ್ತಾರೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುತ್ತಿದ್ದಾಗಲೇ ಚಹಾದ ಕಪ್ಪು ಬಾಯಿಯ ತನಕ ಬಂದು ನಿಂತಿತು. ನನ್ನ ಕಥೆಯ ನೀಲವ್ವನೂ ಗಂಡ ಇಲ್ಲದವಳು. ಹಾಗಾದರೆ ಅವಳ ಅಣ್ಣ ಹಸಿರು ಸೀರೆ ಹೇಗೆ ತಂದ? ಅವತ್ತು ಯಾವ ಸೀರೆಯೂ ಒಪ್ಪಿಗೆಯಾಗದೆ ಬರಿಗೈಯಲ್ಲಿ ಹೊರಬಿದ್ದೆವು. ಇಬ್ರಾಹಿಂಪುರದ ರೈಲು ಗೇಟಿನ ಬಳಿ ಗಾಡಿ ನಿಲ್ಲಿಸಿಕೊಂಡು ಕಾಯುವಾಗ ಹೆಂಡತಿ ಏನೇನೋ ಹೇಳುತ್ತಿದ್ದಳು. ನಾನು ಹ್ಞೂಂಗುಟ್ಟುತ್ತ ನೀಲವ್ವನ ಹತ್ತಿರ ಹೋಗಿದ್ದೆ.

ನೀಲವ್ವ ಯಾರೆಂದು ಹೇಳುವ ಮೊದಲು ನನ್ನ ಕೆಲಸ ಹೇಳಬೇಕು. ನಾನು ಇಲ್ಲಿ, ವಿಜಯಪುರದ ಒಂದು ಆಸ್ಪತ್ರೆಯ ಐಸಿಯುದಲ್ಲಿ ಡಾಕ್ಟರು. ಹೊರಗಿನವರು ಅಲ್ಲಿ ಬರೀ ಯಂತ್ರಗಳ ಕೆಲಸ ಎಂದುಕೊಂಡಿದ್ದಾರೆ. ಅರ್ಧ ಕೆಲಸ ಮಾತಿನದು. ಮೈತುಂಬ ನಂಜೇರಿ, ರಕ್ತದೊತ್ತಡ ಕುಸಿದು, ಮೂತ್ರ ನಿಂತ ರೋಗಿಗೆ ಡಯಾಲಿಸಿಸ್ ಹಚ್ಚಬೇಕೋ ಬೇಡವೋ ಎಂಬ ಪ್ರಶ್ನೆ ಬಂದಾಗ ಪುಸ್ತಕ ನೆರವಿಗೆ ಬರುವುದು ಅಷ್ಟಕ್ಕಷ್ಟೆ. ಕೆಲವರು ಆ ಯಂತ್ರದ ಆಸರೆಯಲ್ಲಿ ದಾಟಿಕೊಳ್ಳುತ್ತಾರೆ. ಕೆಲವರಿಗೆ ಅದು ಸಾವಿನ ಮುಂಚಿನ ಇನ್ನೊಂದು ತ್ರಾಸ, ಅಷ್ಟೆ. ಯಾರು ಯಾವ ಪಾಲಿಗೆ ಎಂದು ಮೊದಲೇ ಹೇಳಬಲ್ಲ ಡಾಕ್ಟರನ್ನು ನಾನಿನ್ನೂ ಕಂಡಿಲ್ಲ. ಹೇಳುತ್ತೇನೆ ಎನ್ನುವವರನ್ನು ಕಂಡಿದ್ದೇನೆ. ಹಾಗಾಗಿ ಮನೆಯವರನ್ನು ಕೂರಿಸಿಕೊಂಡು ಮಾತಾಡಬೇಕಾಗುತ್ತದೆ. ಉಳಿದವರಿಗೆ ಬೇಡವಾದ ಆ ಕೆಲಸ ಮೆಲ್ಲಗೆ ನನ್ನ ಪಾಲಿಗೆ ಬಂತು.

ಮಾತಾಡುವುದನ್ನೂ ನಾನು ಓದಿಯೇ ಕಲಿತವನು. ದೂರದ ಒಂದು ವಿಶ್ವವಿದ್ಯಾಲಯದಲ್ಲಿ ಇದಕ್ಕೊಂದು ತರಗತಿಯಿತ್ತು. ನಟಿಯೊಬ್ಬಳನ್ನು ಕರೆಸಿ ರೋಗಿಯ ಮಗಳಾಗಿ ಕೂರಿಸುತ್ತಿದ್ದರು. ನಾವು ಮೆಲುದನಿಯಲ್ಲಿ ಕೆಟ್ಟ ಸುದ್ದಿ ಹೇಳಬೇಕು, ಅವಳು ಅಳಬೇಕು, ನಾವು ಸರಿಯಾದ ಹೊತ್ತಿಗೆ ಟಿಶ್ಯೂ ಕಾಗದ ಕೊಡಬೇಕು. ನನಗೆ ಒಳ್ಳೆಯ ಅಂಕ ಬಂದಿದ್ದವು. ವಿಜಯಪುರಕ್ಕೆ ಬಂದ ಹೊಸದರಲ್ಲಿ ಬಸವನಬಾಗೇವಾಡಿ ಕಡೆಯ ಮುದುಕನೊಬ್ಬನಿಗೆ ಹಾಗೆಯೇ ಟಿಶ್ಯೂ ಕೊಟ್ಟೆ. ಅವನು ತಿರುವಿ ಮುರುವಿ ನೋಡಿ, "ಇದ್ಯಾಕ್ರಿ, ಚುಟ್ಟಾ ಸುತ್ತಾಕ?" ಎಂದು ಕೇಳಿ, ಧೋತರದ ತುದಿಯಿಂದ ಕಣ್ಣು ಒರೆಸಿಕೊಂಡ. ಒಬ್ಬರು ಬರ್ರಿ ಎಂದರೆ ಇಲ್ಲಿ ಒಂದು ಟಂಟಂ ಗಾಡಿ ತುಂಬ ಮಂದಿ ಒಳಗೆ ಬರುತ್ತಾರೆ. "ಅವರಿಗೆ ಎಚ್ಚರ ಇದ್ದಿದ್ರ ಏನಂತಿದ್ರು?" ಎಂದು ಕೇಳಬೇಕೆಂಬುದು ತರಗತಿಯ ಪಾಠ. ಕೇಳಿದರೆ, "ಏನಂತಿದ್ದ? ಚಹಾ ತಾ ಅಂತಿದ್ದ," ಎನ್ನುತ್ತಾರೆ. ಕಡೆಗೆ ಪ್ರಶ್ನೆ ತಿರುಗಿ ನನ್ನ ಮೇಲೆಯೇ ಬರುತ್ತದೆ: "ನಿಮ್ಮವ್ವ ಆಗಿದ್ರ ನೀವೇನ್ ಮಾಡ್ತಿದ್ರಿ ಸಾಹೇಬ್ರ?" ಆ ಪ್ರಶ್ನೆಗೆ ಉತ್ತರ ಕೊಡಬಾರದೆಂದು ತರಗತಿಯಲ್ಲಿ ಹೇಳಿದ್ದರು. ಎದುರಿಗೆ ಕುಳಿತವರ ಮುಖ ನೋಡಿಕೊಂಡು ಉತ್ತರ ಕೊಡದೆ ಇರುವುದು ಹೇಗೆಂದು ಹೇಳಿರಲಿಲ್ಲ.

ನೀಲವ್ವ ಬಿಜ್ಜರಗಿಯವಳು. ದ್ರಾಕ್ಷಿ ತೋಟದಲ್ಲಿ ಬರಿಗಾಲಲ್ಲಿ ತಿರುಗುವಾಗ ಮುಳ್ಳು ನಟ್ಟಿತ್ತು. ಹಳೆಯ ಸಕ್ಕರೆ ಕಾಯಿಲೆ. ಕಾಲಿಗೆ ಮುಳ್ಳು ತಿಳಿದಿರಲೇ ಇಲ್ಲ. ಕೀವಾಗಿ, ಜ್ವರ ಬಂದು, ನಂಜು ಮೈಗೇರಿದ ಮೇಲೆ ಕರೆತಂದಿದ್ದರು. ಬಂದ ದಿನ ಮಾತಾಡುತ್ತಿದ್ದಳು. ಮುಖದ ಮೇಲೆ ಆಕ್ಸಿಜನ್ನಿನ ಮಾಸ್ಕು ಇದ್ದಾಗಲೂ ನರ್ಸಿಗೆ, "ತಲಿ ಮ್ಯಾಲಿನ ಸೆರಗ ಸರಿ ಮಾಡ ತಂಗೀ, ಗಂಡಸ್ರು ತಿರಗ್ಯಾಡಾಕತ್ತಾರ," ಎಂದಿದ್ದು ನೆನಪಿದೆ. ಅಥವಾ ಅದು ಬೇರೆ ಯಾರೋ ಅಂದ ಮಾತು ಇರಬಹುದು. ಐಸಿಯುದಲ್ಲಿ ಹೆಣ್ಣುಮಕ್ಕಳಿಗೆ ಸೀರೆಯನ್ನೇ ಉಡಿಸುವುದಿಲ್ಲ, ನಿಲುವಂಗಿ ಹಾಕುತ್ತೇವೆ. ಸೆರಗು ಎಲ್ಲಿಂದ ಬಂತು? ನೋಡಿ, ನನ್ನ ನೆನಪಿನ ಗತಿ ಇದು.

ಆಮೇಲೆ ಮೂತ್ರ ನಿಂತಿತು. ನೀಲವ್ವ ಜೋಂಪಿಗೆ ಹೋದಳು. ಜೋರಾಗಿ ಕೂಗಿದರೆ ಕಣ್ಣು ತೆರೆದು ಮತ್ತೆ ಮುಚ್ಚುತ್ತಿದ್ದಳು. ಮಗ ಶಿವಪ್ಪ, ಮಗಳು ಮಹಾದೇವಿ ಇಬ್ಬರನ್ನೂ ಐಸಿಯುದ ಪಕ್ಕದ ಚಿಕ್ಕ ಕೋಣೆಗೆ ಕರೆದೆ. ಶಿವಪ್ಪ ಊರಲ್ಲಿ ದ್ರಾಕ್ಷಿ ಬೆಳೆಯುವವನು. ಗಟ್ಟಿ ದನಿ, ಕುಳಿತಲ್ಲಿ ಕೂರಲಾರದ ಮನುಷ್ಯ. ಮಹಾದೇವಿಯನ್ನು ತಿಕೋಟಾಕ್ಕೆ ಕೊಟ್ಟಿದ್ದರು. ಅಲ್ಲಿ ಅಂಗನವಾಡಿ ಟೀಚರು, ಅಳೆದು ಮಾತಾಡುವವಳು. ಗಂಡ ತೀರಿದ ಮೇಲೆ ನೀಲವ್ವ ಈ ಇಬ್ಬರನ್ನು ಒಬ್ಬಳೇ ದೊಡ್ಡವರನ್ನಾಗಿ ಮಾಡಿದ್ದಳು.

ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಕುತ್ತಿಗೆಗೆ ನಳಿಕೆ ಹಾಕಿ ಯಂತ್ರಕ್ಕೆ ಜೋಡಿಸಬೇಕು. ರಕ್ತದೊತ್ತಡವನ್ನು ಔಷಧಿಯಿಂದ ಎತ್ತಿ ಹಿಡಿದಿದ್ದೇವೆ, ಯಂತ್ರ ಹಚ್ಚಿದಾಗ ಅದು ಬೀಳಬಹುದು, ಜೀವ ಅಲ್ಲೇ ಹೋಗಲೂಬಹುದು. ತಾಳಿಕೊಂಡರೆ ನಂಜು ಇಳಿಯುವ ತನಕ ಕಾಲಾವಕಾಶ ಸಿಗುತ್ತದೆ. ಹಚ್ಚದಿದ್ದರೆ ನೋವಾಗದಂತೆ ನೋಡಿಕೊಳ್ಳುತ್ತೇವೆ, ಆದರೆ ಉಳಿಯುವುದಿಲ್ಲ. ನಡುವೆ ಇನ್ನೊಂದು ದಾರಿಯಿದೆ: ಕೆಲವು ದಿನ ಹಚ್ಚಿ ನೋಡುವುದು, ಫರಕು ಬೀಳದಿದ್ದರೆ ನಿಲ್ಲಿಸುವುದು.

"ಹಚ್ಚಿ ಆಮ್ಯಾಲ ನಿಲ್ಲಸೂದಂದ್ರ ನಾವ ಕೊಂದಂಗ ಆಗೂದಿಲ್ಲೇನ್ರಿ?" ಎಂದ ಶಿವಪ್ಪ.

ಅಲ್ಲ ಎಂದೆ. ರೋಗ ಕೊಲ್ಲುವುದು, ನೀವಲ್ಲ ಎಂದೆ. ಆ ಮಾತು ಅವನ ಒಳಗೆ ಇಳಿಯಲಿಲ್ಲ. ಇಂದಿಗೂ ಅದು ಯಾರ ಒಳಗೂ ಸಲೀಸಾಗಿ ಇಳಿಯುವುದನ್ನು ನಾನು ನೋಡಿಲ್ಲ.

ಆಮೇಲೆ ನನ್ನ ತರಗತಿಯ ಪ್ರಶ್ನೆ ಕೇಳಿದೆ. ಮಹಾದೇವಿ ನೆಲ ನೋಡುತ್ತ ಹೇಳಿದಳು: "ನಮ್ಮ ಓಣ್ಯಾಗ ಒಬ್ಬಾವ ರಗತ ತೊಳಸ್ಕೊಳ್ಳಾಕ ವಾರಕ್ಕ ಎರಡ ಸಲ ಇಲ್ಲಿಗಿ ಬರ್ತಿದ್ದರಿ. ಬಸ್ ಇಳದು ಮನಿ ಮುಟ್ಟೂದರಾಗ ಕಟ್ಟಿ ಕಟ್ಟಿಗಿ ಕುಂಡ್ರಾವ. ಅವನ್ನ ನೋಡಿ ಅವ್ವ ಅಂತಿದ್ಳು, 'ತೊಳ್ದು ತೊಳ್ದು ಒಣ ಹಾಕಾಕ ನಾ ಏನ್ ಬಟ್ಟಿ ಅಲ್ಲ. ನನಗ ಹಂಗ ಮಾಡಬ್ಯಾಡ್ರಿ' ಅಂತ."

"ಅದು ಗಟ್ಟಿ ಇದ್ದಾಗ ಅಂದ ಮಾತು ಬೇ," ಎಂದ ಶಿವಪ್ಪ. "ಆರಾಮ ಕುಂತಾಗ ಎಲ್ಲಾರೂ ಹಂಗ ಅಂತಾರ. ನೀರಾಗ ಮುಳುಗೂ ಮುಂದ ಹಗ್ಗ ಬ್ಯಾಡ ಅಂದಾವನ್ನ ನೋಡೀಯೇನು?"

"ಮತ್ತ ಆಕಿ ಮಾತಿಗಿ ಕಿಮ್ಮತ್ತ ಇಲ್ಲೇನು?"

"ಕಿಮ್ಮತ್ತ ಐತಿ. ಅವ್ವನೂ ಇರಬೇಕಲ್ಲ, ಕಿಮ್ಮತ್ತ ಇಟಗೊಳ್ಳಾಕ."

ಇಬ್ಬರ ಮಾತೂ ಸರಿ ಇತ್ತು. ಒಂದು ಕಡೆ ತಪ್ಪಿದ್ದರೆ ನನ್ನ ಕೆಲಸ ಹಗುರಾಗುತ್ತಿತ್ತು. ಬಹಳ ಹೊತ್ತು ಮಾತಾಡಿ, ಬೈದಾಡಿ, ಅತ್ತು, ಕೊನೆಗೆ ನಡುದಾರಿಗೆ ಬಂದರು. ಕೆಲವು ದಿನ ಹಚ್ಚಿ ನೋಡೋಣ ಎಂದು ಮಹಾದೇವಿಯೇ ಮೊದಲು ಅಂದಳು. "ಆದ್ರ ಮಾಮಾ ಬರ್ಲಿ ಸಾಹೇಬ್ರ. ಮಾಮಾ ಹ್ಞೂಂ ಅಂದ ಮ್ಯಾಲ ಹಚ್ರಿ," ಎಂದ ಶಿವಪ್ಪ.

ಮಾಮಾ ಅಂದರೆ ನೀಲವ್ವನ ಅಣ್ಣ ಸಂಗಪ್ಪ. ಬಬಲೇಶ್ವರದವನು. ಹೆಣ್ಣುಮಗಳ ದೊಡ್ಡ ವಿಷಯ ಯಾವುದನ್ನೂ ತವರಿನವರನ್ನು ಕೇಳದೆ ತೀರ್ಮಾನಿಸುವುದಿಲ್ಲ. ಅವಳು ಹುಟ್ಟಿದ ಮನೆಗೆ ಅವಳ ಮೇಲೆ ಒಂದು ಹಕ್ಕು ಕಡೆಯ ತನಕ ಉಳಿದಿರುತ್ತದೆ. ಕಡೆಯ ತನಕ ಎಂದರೆ ಅಕ್ಷರಶಃ ಕಡೆಯ ತನಕ: ಸತ್ತ ಹೆಣ್ಣುಮಗಳಿಗೆ ಮಣ್ಣಿಗೆ ಒಯ್ಯುವ ಮುನ್ನ ಹೊದಿಸುವ ಸೀರೆಯನ್ನು ತವರಿನವರೇ ತರಬೇಕು. ಅದು ಬಾರದೆ ಹೆಣ ಮೇಲೇಳುವುದಿಲ್ಲ.

ಸಂಗಪ್ಪ ಊಟದ ಹೊತ್ತಿಗೆ ಬಂದ. ಬಬಲೇಶ್ವರದ ಸಂತೆ ಬೀದಿಯಲ್ಲಿ ಹಗ್ಗ, ಕಣ್ಣಿ, ಮೂಗುದಾಣ ಮಾರುವ ಅಂಗಡಿ ಅವನದು. ಬಿಳಿ ಟೋಪಿ, ಧೋತರ, ನಾರು ಹೊಸೆದು ಹೊಸೆದು ಒರಟಾದ ಅಂಗೈ. ಕಂಕುಳಲ್ಲಿ ಒಂದು ಹಳದಿ ಬಟ್ಟೆಯ ಚೀಲ. "ಚಪ್ಪಲಿ ಬಿಡಾಕ ಪಾಳಿ, ಒಳಗ ಬರಾಕ ಪಾಳಿ. ನಮ್ಮ ಸಂತಿನ ಚಲೋ," ಎನ್ನುತ್ತ ಬಂದವನು ತಂಗಿಯನ್ನು ನೋಡಿ ಬಂದ ಮೇಲೆ ಹಾಗೆ ಏನೂ ಅನ್ನಲಿಲ್ಲ. ನನ್ನನ್ನು ಕೇಳಿದ್ದು ಒಂದೇ: "ಆಕಿ ಊಟ ಮಾಡ್ಯಾಳೇನ್ರಿ?" ನಳಿಕೆಯಲ್ಲಿ ಹಾಕುತ್ತಿದ್ದೇವೆ ಎಂದೆ. ಹ್ಞೂಂ ಎಂದು ಕುಳಿತ. ಚೀಲವನ್ನು ಕೆಳಗಿಡಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಿಂದ ಹಿಡಿದಿದ್ದ. ಒಳಗೆ ಕಾಗದ ಸುತ್ತಿದ ಪೊಟ್ಟಣ. ಯಾವ ಅಂಗಡಿಯ ಪೊಟ್ಟಣ ಎಂಬುದು ಚೀಲದ ಮೇಲೆಯೇ ಅಚ್ಚಾಗಿತ್ತು. ಸೀರೆ ಅಂಗಡಿಯದು.

ಮಹಾದೇವಿ ಚೀಲ ನೋಡಿದಳು. ಸೆರಗು ಬಾಯಿಗೆ ಹೋಯಿತು. ಶಿವಪ್ಪ ಮಾಮಾನಿಗೆ ಯಂತ್ರದ ವಿಷಯ ವಿವರಿಸುತ್ತಿದ್ದವನು, ಅವಳ ಕಣ್ಣು ಹೋದಲ್ಲಿ ತನ್ನ ಕಣ್ಣೂ ಹೋಗಿ, ಅರ್ಧ ಮಾತಿನಲ್ಲಿ ನಿಂತುಬಿಟ್ಟ. ಆಮೇಲೆ ಶಿವಪ್ಪನ ಗಟ್ಟಿ ದನಿ ಎಲ್ಲಿ ಹೋಯಿತೋ, "ಬ್ಯಾಡ್ ಬಿಡ್ರಿ ಸಾಹೇಬ್ರ. ಮನಿಗಿ ಒಯ್ತೀವಿ," ಎಂದ.

ನಾನು ಸಂಗಪ್ಪನ ಕಡೆ ತಿರುಗಿ, "ಹಿರ್ಯಾರ, ನೀವೇನಂತೀರಿ?" ಎಂದು ಕೇಳಿದೆ. ಕೇಳಿದೆನೆಂದೇ ನನ್ನ ನೆನಪು. ಅವನು ನನ್ನ ಮುಖ ನೋಡಿದ, ಅಳಿಯನ ಮುಖ ನೋಡಿದ, ತಲೆಯಾಡಿಸಿದ. ಎದ್ದು ನಿಲ್ಲುವಾಗ ಚೀಲ ಓರೆಯಾಗಿ ಪೊಟ್ಟಣದ ಮೂಲೆ ಹೊರಗೆ ಬಂತು. ಕಾಗದ ಅಲ್ಲಿ ಹರಿದಿತ್ತು. ಬೆರಳಗಲದಷ್ಟು ಹಸಿರು, ಅದರ ಅಂಚಿಗೆ ಕೆಂಪು. ಮಕ್ಕಳಿಬ್ಬರೂ ಅಷ್ಟರಲ್ಲಿ ಬಾಗಿಲು ದಾಟಿದ್ದರು. ಕಂಡದ್ದು ನನಗೊಬ್ಬನಿಗೆ. ಆ ಮಧ್ಯಾಹ್ನವೇ ಅಂಬುಲೆನ್ಸಿನಲ್ಲಿ ನೀಲವ್ವನನ್ನು ಬಿಜ್ಜರಗಿಗೆ ಒಯ್ದರು. ಮರುದಿನ ತೀರಿಕೊಂಡಳೆಂದು ಶಿವಪ್ಪ ಫೋನು ಮಾಡಿ ತಿಳಿಸಿದ. "ತ್ರಾಸ ಆಗ್ಲಿಲ್ರಿ," ಎಂದ. ಅಷ್ಟು ಹೇಳಲು ಫೋನು ಮಾಡಿದನಲ್ಲ ಎಂದು ನನಗೆ ಆಗ ಅನ್ನಿಸಿತ್ತು.

ಈ ಪ್ರಸಂಗ ನನಗೆ ಬಹಳ ಹಿಡಿಸಿತು ಎಂದರೆ ನೀವು ತಪ್ಪು ತಿಳಿಯಬಾರದು. ಹೊಸ ಡಾಕ್ಟರುಗಳಿಗೆ ಪಾಠ ಹೇಳುವಾಗ ಇದನ್ನು ಹೇಳತೊಡಗಿದೆ. ನಮ್ಮ ಮಂದಿ ನಿರ್ಧಾರವನ್ನು ಬಾಯಿಂದ ಮಾಡುವುದಿಲ್ಲ, ನೋಡಿರಿ. ಅಣ್ಣ ಒಂದು ಮಾತಾಡಲಿಲ್ಲ, ತಂಗಿಯ ಕಡೇ ಸೀರೆ ತಂದು ತೊಡೆಯ ಮೇಲೆ ಇಟ್ಟುಕೊಂಡ. ಎಲ್ಲರಿಗೂ ತಿಳಿಯಿತು, ಎಲ್ಲರೂ ಒಪ್ಪಿದರು. ನಿಮ್ಮ ಪುಸ್ತಕದಲ್ಲಿ ಇದು ಎಲ್ಲಿದೆ? ಹೀಗೆ ಹೇಳಿ ಸುಮ್ಮನಾಗುತ್ತಿದ್ದೆ. ಸುಮ್ಮನಾಗಬೇಕಾದ ಜಾಗ ನನಗೆ ಚೆನ್ನಾಗಿ ಗೊತ್ತಾಗಿತ್ತು. ಹೇಳಿದ ಹಾಗೆಲ್ಲ ಕಥೆಗೆ ಒಂದೊಂದು ಗುಂಡಿ ಹೊಲಿದೆ. ಒಂದು ವರ್ಷ ಸಂಗಪ್ಪ ಕುರ್ಚಿಯಿಂದ ಬೆಂಚಿಗೆ ಹೋದ. ಇನ್ನೊಂದು ವರ್ಷ ತಲೆಯಾಡಿಸುವ ಮುನ್ನ ಕಣ್ಣು ಮುಚ್ಚಿದ. ಹಸಿರೊಂದು ಮಾತ್ರ ಮೊದಲಿನಿಂದಲೂ ಇತ್ತು. ಅದು ಕಥೆಗೆ ಕಣ್ಣಿದ್ದ ಹಾಗೆ.

ಈಗ ಅಂಗಡಿಯಲ್ಲಿ ನನ್ನ ಚಹಾ ಯಾಕೆ ನಿಂತಿತೆಂದು ನಿಮಗೆ ತಿಳಿದಿರಬೇಕು. ಗಂಡ ಇಲ್ಲದವಳ ಹೆಣಕ್ಕೆ, ಆ ಕಾಲದ ಹಿರಿಯ, ಹಸಿರು ಸೀರೆ ತರುವುದಿಲ್ಲ. ಪದ್ಧತಿ ಸರಿಯೋ ತಪ್ಪೋ ಬೇರೆ ಮಾತು. ತರುವುದಿಲ್ಲ ಎಂಬುದು ಮಾತ್ರ ನಿಜ. ಎರಡು ಸಂಗತಿ ಒಟ್ಟಿಗೆ ನಿಜವಾಗಲಾರವು ಎಂದಾದರೆ ಒಂದನ್ನು ಬಿಡಬೇಕೆಂದು ನನಗೆ ಓದಿಸಿದವರು ಕಲಿಸಿದ್ದರು. ಹಸಿರು ಸುಳ್ಳಾದರೆ ನನ್ನ ನೆನಪು ಕೆಟ್ಟಿತು, ಅಷ್ಟೆ. ವಯಸ್ಸಾದವರಿಗೆ ಅದೇನು ದೊಡ್ಡ ಮಾತಲ್ಲ. ಹಸಿರು ನಿಜವಾದರೆ ಅದು ಹೆಣದ ಸೀರೆಯೇ ಅಲ್ಲ. ಆಗ ಆ ಕೋಣೆಯಲ್ಲಿ ಯಾರು ಯಾವುದಕ್ಕೆ ಒಪ್ಪಿದರು? ನೆನಪು ಸುಳ್ಳಾಗಲಿ ಎಂದು ನಾನು ಜೀವನದಲ್ಲಿ ಮೊದಲ ಸಲ ಬಯಸಿದೆ.

ಬಯಸಿ ಸುಮ್ಮನಿರುವ ಸ್ವಭಾವ ನನ್ನದಲ್ಲ. ಮುಂದಿನ ರವಿವಾರ ಬಬಲೇಶ್ವರದ ಬಸ್ಸು ಹತ್ತಿದೆ. ಕಾರು ಒಯ್ಯಲಿಲ್ಲ, ಹೋಗಿ ಏನು ಕೇಳಬೇಕೆಂದು ಕಿಟಕಿಯ ಬಳಿ ಕುಳಿತು ಯೋಚಿಸಬೇಕಾಗಿತ್ತು. ಹಗ್ಗದ ಅಂಗಡಿ ಇದ್ದ ಜಾಗ ಕೇಳಿಕೊಂಡು ಹೋದರೆ ಅಲ್ಲಿ ಮೊಬೈಲು ರಿಪೇರಿ ಅಂಗಡಿಯಿತ್ತು.

"ಹಗ್ಗದ ಸಂಗಪ್ಪನ ಏನ್ರಿ?" ಎಂದ ಅಂಗಡಿಯವನು, ಕಣ್ಣಿನ ಭೂತಗನ್ನಡಿ ತೆಗೆಯದೆ. "ಹೋದ ಬ್ಯಾಸಗ್ಯಾಗ ತೀರಕೊಂಡ. ನಿಮಗೇನಾಗಬೇಕು?"

ನನಗೇನಾಗಬೇಕು? "ಪರಿಚಯದವರು," ಎಂದೆ.

"ಎಮ್ಮಿ ಕಣ್ಣಿ ಬೇಕಾಗಿತ್ತೇನೋ ಅನ್ಕೊಂಡ್ಯಾ," ಎಂದು ನನ್ನ ಪ್ಯಾಂಟು, ಬೂಟು ನೋಡಿ ನಕ್ಕ.

ಅಲ್ಲಿಂದ ತಿಕೋಟಾ. ಅಂಗನವಾಡಿ ಟೀಚರ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ಮಹಾದೇವಿಯ ಕೂದಲು ನರೆತಿತ್ತು. ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, "ಸಾಹೇಬ್ರ, ನೀವಲ್ಲೇನ್ರಿ?" ಎಂದಳು. ಚಾಪೆ ಹಾಸಿ, ಚಹಾ ಇಟ್ಟು, ಎದುರಿಗೆ ಕುಳಿತಳು. ಊರ ಸುದ್ದಿ, ದ್ರಾಕ್ಷಿ ಸುದ್ದಿ ಎಲ್ಲ ಮುಗಿದರೂ ನನ್ನ ಬಾಯಿಗೆ ವಿಷಯ ಬರಲಿಲ್ಲ. ಕೊನೆಗೆ, "ಅವತ್ತ ನಿಮ್ಮ ಮಾಮಾ ಒಂದು ಸೀರಿ ತಂದಿದ್ರಲ್ಲ," ಎಂದೆ.

ಅವಳು ಒಲೆಯ ಮೇಲಿದ್ದ ಹಾಲು ನೋಡಿ ಬರಲು ಎದ್ದು ಹೋಗಿ ಬಂದಳು. ಆಮೇಲೆ ಹೇಳಿದಳು.

"ಅವ್ವನ ಮೈ ತೊಳಸೂ ಮುಂದ ಹೆಣ್ಮಕ್ಕಳು ತವರಮನಿ ಸೀರಿ ತರ್ರಿ ಅಂದ್ರು. ನಾ ಮಾಮಾನ ಚೀಲ ತಂದ್ಯಾ. ಕಾಗದ ಹರದು ನೋಡಿದ್ರ ಹಸರು. ನಮ್ಮ ಮುದುಕಿ ಆಯಿ ಒಬ್ಬಾಕಿ ಬಾಯಿ ಮಾಡಿದ್ಳು, 'ಸಂಗ್ಯಾ, ಬುದ್ಧಿ ಎಲ್ಲಿಟ್ಟಿಯೋ, ರಂಡಿಮುಂಡಿಗಿ ಹಸರು ಹೊಚ್ಚತಾರೇನೋ' ಅಂತ. ಮಾಮಾ ಗ್ವಾಡಿಗಿ ಆತಗೊಂಡು ಕುಂತಿದ್ದ. 'ಇದು ಮಣ್ಣಿಗಿ ತಂದದ್ದಲ್ಲ ಬೇ. ಪಂಚಮಿಗಿ ತಂದದ್ದು. ಆಕಿನ ಕೇಳಿದ್ಳು' ಅಂದ."

ನಾಗರಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯುವುದು ನಮ್ಮ ಕಡೆಯ ರೂಢಿ. ಎಷ್ಟೇ ವಯಸ್ಸಾದರೂ ಬಿಡುವುದಿಲ್ಲ. ಹಿಂದಿನ ಪಂಚಮಿಗೆ ಹೋದಾಗ, ಜೋಕಾಲಿಯ ಹತ್ತಿರ ಕುಳಿತು ಉಂಡಿ ತಿನ್ನುತ್ತ, ನೀಲವ್ವ ಅಣ್ಣನಿಗೆ ಹೇಳಿದ್ದಳಂತೆ: "ಯಣ್ಣಾ, ಮುಂದಿನ ಸಲ ನನಗ ಒಂದು ಹಸರು ಸೀರಿ ತಾ. ಮನ್ಯಾಗ ಬಾಗಲಾ ಹಾಕೊಂಡಾದ್ರೂ ಉಡ್ತೀನಿ. ಬ್ಯಾಸರಾಗೇತಿ ಈ ಬೂದಿ ಬಣ್ಣ." ಅವನು ಅವಳಿಗೆ ಕೊಡಲೆಂದು ಹಬ್ಬಕ್ಕೆ ಮೊದಲೇ ಕೊಂಡಿಟ್ಟಿದ್ದ. ತಂಗಿ ದವಾಖಾನೆಯಲ್ಲಿದ್ದಾಳೆಂದು ಕೇಳಿ ಚೀಲ ಹಿಡಿದು ಬಂದಿದ್ದ. ಎಚ್ಚರಾದಾಗ ತೋರಿಸಿದರೆ ಜೀವಕ್ಕೆ ಹುರುಪು ಬಂದೀತು ಎಂದು. ಹತ್ತು ಮಂದಿಯ ಎದುರಿಗೆ, ಮಗನ ಎದುರಿಗೆ, ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೊಂಡಿದ್ದ. ಅದಕ್ಕೇ ಚೀಲ ಕೆಳಗಿಟ್ಟಿರಲಿಲ್ಲ.

"ಆಮ್ಯಾಲ ಮಾಮಾ ಒಂದ ಮಾತ ಕೇಳಿದ," ಎಂದಳು ಮಹಾದೇವಿ. "'ಮಶೀನ ಹಚ್ಚಾಕ ಒಪ್ಪಿದ್ರಂತಲ್ಲ, ಮತ್ಯಾಕ ಮನಿಗಿ ತಂದ್ರೋ?' ಅಂದ. ನಮ್ಮಣ್ಣ ಹೊರಗ ಎದ್ದು ಹೋದ. ಅವತ್ತಿಂದ ಆ ವಿಷಯ ನಮ್ಮನ್ಯಾಗ ಯಾರೂ ಎತ್ತಿಲ್ರಿ. ನೀವ ಮೊದಲು."

ಊರ ಅಂಗಡಿಯಿಂದ ಬೇರೆ ಸೀರೆ ತರಿಸಿ ಮಣ್ಣು ಮಾಡಿದರಂತೆ. ಬಣ್ಣ ಅವಳಿಗೆ ನೆನಪಿಲ್ಲ. ಮಾಮಾ ತಲೆಯಾಡಿಸಿದ್ದನೇ ಎಂದು ಕೇಳಿದೆ. ಅದೂ ನೆನಪಿಲ್ಲ. "ಮಾಮಾಗ ತಲಿ ಸದಾ ನಡುಗತಿತ್ರಿ," ಎಂದಳು.

ಹೊರಗೆ ಕುರಿ ಹಿಂಡು ಹಾದು ಹೋಯಿತು. ಅದರ ಸದ್ದು ಅಡಗಿದ ಮೇಲೆ ಕೇಳಿದಳು. ನಾನು ಬಬಲೇಶ್ವರದ ಬಸ್ಸಿನಿಂದಲೂ ಕಾಯುತ್ತಿದ್ದ ಪ್ರಶ್ನೆ ಅದು.

"ಅವತ್ತ ಹಚ್ಚಿದ್ರ ಉಳೀತಿದ್ಳೇನ್ರಿ?"

"ಉಳಿಯೂದು ಕಷ್ಟ ಇತ್ತವ್ವಾ."

"ಕಷ್ಟ ಇತ್ತು ಅಂದ್ರ, ಆಗ್ತಿರ್ಲಿಲ್ಲ ಅಂತ ಅಲ್ಲ."

"ಅಲ್ಲ," ಎಂದೆ. "ನನಗ ಗೊತ್ತಿಲ್ಲ. ಯಾರಿಗೂ ಗೊತ್ತಿರಲಿಲ್ಲ."

ಅವಳು ತಲೆಯಾಡಿಸಿದಳು. ಇದನ್ನು ನಾನು ಖಂಡಿತವಾಗಿ ನೋಡಿದೆ. "ತೊಳ್ದು ಒಣ ಹಾಕಬ್ಯಾಡ್ರಿ ಅಂದದ್ದೂ ಖರೆ ಸಾಹೇಬ್ರ," ಎಂದಳು. "ಆಕಿ ಬಾಯಿಂದ ನಾನ ಕೇಳೇನಿ. ಹಸರು ಸೀರಿ ತಾ ಅಂದದ್ದೂ ಖರೆ. ಎರಡೂ ಆಕಿ ಮಾತ. ಯಾವುದು ಹಿಡೀಬೇಕಿತ್ತು, ಯಾವುದು ಬಿಡಬೇಕಿತ್ತು, ನೀವ ಹೇಳ್ರಿ."

ಎರಡು ಸಂಗತಿ ಒಟ್ಟಿಗೆ ನಿಜವಾಗಲಾರದಿದ್ದರೆ ಒಂದನ್ನು ಬಿಡು ಎಂದು ಕಲಿಸಿದವರ ಮುಂದೆ ಈ ಹೆಣ್ಣುಮಗಳನ್ನು ಕೂರಿಸಬೇಕಿತ್ತು ಎನ್ನಿಸಿತು. ನಾನು ಚಹಾ ಕುಡಿದೆ. ತಣ್ಣಗಾಗಿತ್ತು.

ಈಗ ನಾನು ಆ ಕಥೆಯನ್ನು ಪಾಠದಲ್ಲಿ ಹೇಳುವುದಿಲ್ಲ. ಮನೆಯವರನ್ನು ಕೂರಿಸಿದಾಗ ಒಬ್ಬೊಬ್ಬರೂ ಬಾಯಿಬಿಟ್ಟು ಹೇಳುವ ತನಕ ಕಾಯುತ್ತೇನೆ, ತಲೆಯಾಡಿಸಿದರೆ ಬಿಡುವುದಿಲ್ಲ. ಮೊನ್ನೆ ಇಂಡಿ ಕಡೆಯ ಮಂದಿ ಬಂದಿದ್ದರು. ಅಪ್ಪನಿಗೆ ಡಯಾಲಿಸಿಸ್ ಹಚ್ಚಬೇಕೋ ಬೇಡವೋ ಎಂಬ ಅದೇ ಮಾತು. ಮೂಲೆಯಲ್ಲಿ ಒಬ್ಬಳು ಚೀಲ ತಬ್ಬಿಕೊಂಡು ಕುಳಿತಿದ್ದಳು. "ಅದರಾಗ ಏನ್ ತಂದೀರಿ ತಾಯಿ, ಯಾರಿಗೆ?" ಎಂದೆ. "ಬುತ್ತಿರಿ. ನಾವು ಉಣ್ಣಾಕ," ಎಂದಳು ಗಾಬರಿಯಾಗಿ. ನನ್ನ ಜೊತೆಗಿದ್ದ ಹೊಸ ಡಾಕ್ಟರು ನಗು ತಡೆಯಲು ಕೆಮ್ಮಿದ. ಕೆಮ್ಮಲಿ.

ತಿಕೋಟಾದಿಂದ ಬಂದ ಸಂಜೆ ಹೆಂಡತಿಗೆ ಎಲ್ಲ ಹೇಳಿದ್ದೆ. ಅವಳು ಫೋನು ತೆಗೆದು ಚಿಗವ್ವನಿಗೆ ಹಚ್ಚಿದಳು. "ಚಿಗವ್ವಾ, ನಿನಗ ಯಾವ ಬಣ್ಣದ ಸೀರಿ ತರ್ಲಿ?" ಎಂದು ಅಷ್ಟೇ ಕೇಳಿದಳು. ಸ್ಪೀಕರು ಹಾಕಿದ್ದಳು, ನನಗೂ ಕೇಳಿಸಿತು. "ಯಾವುದಾದ್ರೂ ತಾರವ್ವ," ಎಂದಳು ಚಿಗವ್ವ. ಸ್ವಲ್ಪ ತಡೆದು, "ಹಸರ ಒಂದ ಬ್ಯಾಡ. ಮಂದಿ ನಗ್ತಾರ," ಎಂದಳು. ಹಸಿರಿನ ಮಾತು ಯಾರೂ ಎತ್ತಿರಲಿಲ್ಲ. ಹೆಂಡತಿ ಫೋನು ಕೆಳಗಿಟ್ಟಳು. ಇವತ್ತು, ನಾಳೆ ಮತ್ತೆ ಬಜಾರಕ್ಕೆ ಹೋಗೋಣ ಎಂದಿದ್ದಾಳೆ. ಯಾವ ಸೀರೆಗೆಂದು ನಾನು ಕೇಳಿಲ್ಲ.

ಕುರ್ಚಿಯೋ ಬೆಂಚೋ, ತಿಳಿಯಲಿಲ್ಲ. ತಲೆಯಾಡಿಸಿದನೋ, ತಲೆ ನಡುಗಿತೋ, ಅದನ್ನು ಹೇಳಬಲ್ಲವನು ಇಲ್ಲ. ನಾನು ಹಿರ್ಯಾರ ಎಂದು ಕೇಳಿದೆನೋ, ಕೇಳಬೇಕೆಂದುಕೊಂಡೆನೋ, ಅದೂ ಇನ್ನು ಮೇಲೆ ನನ್ನ ಜೊತೆಗೇ ಇರುವ ಅನುಮಾನ. ಪರೀಕ್ಷಿಸಿ ನೋಡಿದ್ದು ಒಂದೇ. ಅವತ್ತು ತಿಕೋಟಾದಲ್ಲಿ ನಾನು ಹೊರಡಲು ಎದ್ದಾಗ ಮಹಾದೇವಿ ಒಳಗೆ ಹೋಗಿ, ಟ್ರಂಕಿನ ತಳದಿಂದ ಅದನ್ನು ತೆಗೆದು ತಂದು ನನ್ನ ಕೈಗೆ ಕೊಟ್ಟಳು. ಕಿಟಕಿಯ ಬೆಳಕಿಗೆ ಒಯ್ದು ನೋಡಿದೆ. ಸೀರೆ ಹಸಿರೇ. ದಡಿ ಕೆಂಪು. ಗಳಿಗೆ ಇನ್ನೂ ಮುರಿದಿಲ್ಲ.